ಕಡಲ ನೀರಿನ ಹನಿಯಲ್ಲಿ ಯಾರ್ಯಾರಿದ್ದಾರೆ? ಪ್ಲಾಂಕ್ಟನ್ ಗುರುತಿಸುವುದು ಹೀಗೆ

ಮಲ್ಪೆ, ಕಾರವಾರದ ಕಡೆ ಕೆಲವು ರಾತ್ರಿ ಅಲೆಗಳು ನೀಲಿಯಾಗಿ ಹೊಳೆಯುತ್ತವೆ. ಹೆಚ್ಚಾಗಿ ಇದು ನಾಕ್ಟಿಲ್ಯೂಕಾ ಎಂಬ ಒಂದೇ ಕೋಶದ ಜೀವಿಯ ಕೆಲಸ. ಅದು ಸುಮಾರು ಅರ್ಧ ಮಿಲಿಮೀಟರ್ ಇರುತ್ತದೆ, ಬರಿಗಣ್ಣಿಗೂ ಕಂಡೀತು. ಹೀಗೆ ನೀರಿನ ಹರಿವಿನೊಂದಿಗೆ ತೇಲುವ ಜೀವಿಗಳೇ ಪ್ಲಾಂಕ್ಟನ್. ಆದರೆ ನಾಕ್ಟಿಲ್ಯೂಕಾ ಜೊತೆ ತೇಲುವ ಹೆಚ್ಚಿನವರನ್ನು ನೋಡಲು ಸೂಕ್ಷ್ಮದರ್ಶಕವೇ ಬೇಕು. ಅದೂ ಸಾಲದಿದ್ದರೆ ಡಿಎನ್‌ಎ.

ಸಸ್ಯ ಪ್ಲಾಂಕ್ಟನ್‌ಗೆ 20 ಮೈಕ್ರಾನ್ (ಮಿಲಿಮೀಟರಿನ ಸಾವಿರದ ಒಂದು ಪಾಲು ಒಂದು ಮೈಕ್ರಾನ್) ಕಣ್ಣಿನ ಬಲೆ, ಪ್ರಾಣಿ ಪ್ಲಾಂಕ್ಟನ್‌ಗೆ 200 ಮೈಕ್ರಾನ್ ಬಲೆ ಬಳಸಿ. ಅದಕ್ಕಿಂತ ಚಿಕ್ಕವು ಜಾರಿಹೋಗುತ್ತವೆ. ಹಾಗಾಗಿ ಒಂದು ಬಾಟಲಿಯಲ್ಲಿ ಸೋಸದ ನೀರನ್ನೂ ತುಂಬಿಕೊಳ್ಳಿ.

ದಡದಲ್ಲೇ ಮಾದರಿಯನ್ನು ಮೂರು ಪಾಲು ಮಾಡಿ. ಇಲ್ಲಿ ಎಡವಿದರೆ ಮುಂದೆ ಸರಿಪಡಿಸಲು ಆಗುವುದಿಲ್ಲ. ಒಂದಕ್ಕೆ, ಜೀವಿಗಳು ಕೆಡದಂತೆ ಇಡುವ ಲೂಗಾಲ್ ಅಯೋಡಿನ್ ದ್ರಾವಣ ಹನಿಸಿ, ನೀರು ತಿಳಿ ಚಹಾದ ಬಣ್ಣಕ್ಕೆ ಬರಲಿ. ಇದು ಎಣಿಕೆಗೆ. ಇನ್ನೊಂದನ್ನು 0.2 ಮೈಕ್ರಾನ್ ಫಿಲ್ಟರಿನಲ್ಲಿ ಸೋಸಿ, ಆ ಫಿಲ್ಟರನ್ನು ಬೇಗ ಫ್ರೀಜ್ ಮಾಡಿ. ಇದು ಡಿಎನ್‌ಎಗೆ. ಈ ಪಾಲಿಗೆ ಫಾರ್ಮಲಿನ್ ಮಾತ್ರ ಬೇಡ, ಅದು ಡಿಎನ್‌ಎ ಕೆಡಿಸುತ್ತದೆ. ಮೂರನೆಯದಕ್ಕೆ ಏನೂ ಬೆರೆಸಬೇಡಿ. ಜೀವಂತ ಪ್ಲಾಂಕ್ಟನ್ ಈಜುವ ಬಗೆಯೇ ಎಷ್ಟೋ ಗುಟ್ಟು ಹೇಳುತ್ತದೆ.

ಈಗ ಸೂಕ್ಷ್ಮದರ್ಶಕ. ಎಣಿಸಲು ಸೆಜ್‌ವಿಕ್-ರಾಫ್ಟರ್ ಸ್ಲೈಡ್ ಚೆನ್ನ. ಅದು 1 ಮಿಲಿಲೀಟರ್ ನೀರು ಹಿಡಿಯುತ್ತದೆ, ತಳದಲ್ಲಿ 1000 ಚೌಕಗಳಿರುತ್ತವೆ. ಹೆಸರು ಹುಡುಕುವ ಮೊದಲು ಆಕಾರ ನೋಡಿ. ಗಾಜಿನಂಥ ಸಿಲಿಕಾ ಚಿಪ್ಪು ಇದ್ದರೆ ಡಯಾಟಮ್. ಅದರಲ್ಲೂ ದುಂಡಗೆ ದೊಡ್ಡದಾಗಿದ್ದರೆ ಕಾಸಿನೋಡಿಸ್ಕಸ್ ಇರಬಹುದು. ಸಾಲಾಗಿ ಅಂಟಿಕೊಂಡು ಉದ್ದ ಮುಳ್ಳು ಚಾಚಿದ್ದರೆ ಕೀಟೋಸೆರಾಸ್. ನಡುವೆ ತೋಡಿದ್ದು, ಗಿರಗಿರ ತಿರುಗುತ್ತಾ ಸಾಗಿದರೆ ಡೈನೋಫ್ಲಾಜೆಲೇಟ್. ಕಾಲು, ಉದ್ದ ಮೀಸೆ ಕಂಡರೆ ಸೀಗಡಿಯ ದೂರದ ನೆಂಟ ಕೋಪೆಪಾಡ್. ಕಂಡದ್ದನ್ನೆಲ್ಲ ಅಳತೆಗೋಲಿನ ಸಮೇತ ಫೋಟೊ ತೆಗೆಯಿರಿ.

ಕಣ್ಣು ಸೋಲುವ ಜಾಗವೂ ಇದೆ. ಸೂಡೋ-ನಿಟ್ಜಿಯಾ ಸೂಜಿಗಳಂತೆ ತುದಿಗೆ ತುದಿ ತಾಗಿಸಿಕೊಂಡು ತೇಲುತ್ತದೆ. ಅದರ ಕೆಲವು ಪ್ರಭೇದಗಳು ಡೊಮೊಯಿಕ್ ಆಮ್ಲ ಎಂಬ ವಿಷ ಮಾಡುತ್ತವೆ. ಅದು ಚಿಪ್ಪುಜೀವಿಗಳಲ್ಲಿ ಸೇರಿ, ತಿಂದವರ ನೆನಪಿನ ಶಕ್ತಿಗೇ ಕುತ್ತು ತರಬಹುದು. ವಿಷದ್ದು ಯಾವುದು, ಅಲ್ಲದ್ದು ಯಾವುದು ಎಂದು ಸಾಮಾನ್ಯ ಸೂಕ್ಷ್ಮದರ್ಶಕದಲ್ಲಿ ಹೇಳುವುದು ಬಹಳ ಕಷ್ಟ.

ಆಗ ಫಿಲ್ಟರಿನಿಂದ ಡಿಎನ್‌ಎ ತೆಗೆದು, ಗುರುತಿನ ಜೀನನ್ನು ಪಿಸಿಆರ್‌ನಲ್ಲಿ (ಡಿಎನ್‌ಎ ತುಣುಕಿನ ನಕಲುಗಳನ್ನು ಮಾಡುವ ವಿಧಾನ) ಹೆಚ್ಚಿಸಿ, ಅದರ ಡಿಎನ್‌ಎ ಅಕ್ಷರಗಳ ಸಾಲು ಓದಿಸಬೇಕು. ಒಂದೇ ಕೋಶದ ಜೀವಿಗಳಿಗೆ ಸಾಮಾನ್ಯವಾಗಿ 18ಎಸ್ ಜೀನ್, ಪ್ರಾಣಿ ಪ್ಲಾಂಕ್ಟನ್‌ಗೆ ಸಿಒಐ ಎಂಬ ಇನ್ನೊಂದು ಜೀನ್. ಸಿಕ್ಕ ಸಾಲನ್ನು ಜೆನ್‌ಬ್ಯಾಂಕ್‌ನಂಥ ಡಿಎನ್‌ಎ ಸಾಲುಗಳ ಸಂಗ್ರಹದೊಂದಿಗೆ ಹೋಲಿಸಿ. ಜೊತೆಗೆ ಶುದ್ಧ ನೀರನ್ನೂ ಇದೇ ದಾರಿಯಲ್ಲಿ ಕಳಿಸಿ. ಅದರಲ್ಲೂ ಪ್ಲಾಂಕ್ಟನ್ ಸಿಕ್ಕರೆ ಎಲ್ಲೋ ಬೆರಕೆಯಾಗಿದೆ ಎಂದರ್ಥ.

ಡಿಎನ್‌ಎ ಸಾಲು ಜಾಸ್ತಿ ಸಿಕ್ಕಿತೆಂದು ಆ ಜೀವಿಯೇ ಜಾಸ್ತಿ ಎನ್ನಬೇಡಿ. ಡೈನೋಫ್ಲಾಜೆಲೇಟ್‌ಗಳ ಒಂದು ಕೋಶದಲ್ಲೇ 18ಎಸ್ ಜೀನಿನ ಪ್ರತಿಗಳು ಸಾವಿರಾರು ಇರಬಹುದು. ಎಣಿಕೆಗೆ ಸ್ಲೈಡನ್ನೇ ನಂಬಿ.

ಕೆಲವು ಸಾಲುಗಳಿಗೆ ಹೆಸರೇ ಸಿಗುವುದಿಲ್ಲ. 2009ರಿಂದ 2013ರವರೆಗೆ ಕಡಲು ಸುತ್ತಿದ ತಾರಾ ಓಶನ್ಸ್ ಯಾನದ ಮಾದರಿಗಳಲ್ಲಿ ಸುಮಾರು ಒಂದು ಲಕ್ಷ ಹತ್ತು ಸಾವಿರ ಬಗೆಯ ಸಾಲುಗಳು ಸಿಕ್ಕವು. ಅವುಗಳಲ್ಲಿ ಮೂರನೇ ಒಂದು ಪಾಲು ತಿಳಿದ ಯಾವ ಗುಂಪಿಗೂ ಸೇರಲಿಲ್ಲ. ನಿಮಗೂ ಹಾಗಾದರೆ, ಮತ್ತೆ ನೀರು ತಂದು ಜೀವಂತ ಮಾದರಿ ನೋಡಿ. ಗುರುತಾಗದ ಕೋಶವೊಂದನ್ನು ಸಪೂರ ಪಿಪೆಟ್‌ನಲ್ಲಿ ಹೆಕ್ಕಿ, ಮೊದಲು ಫೋಟೊ ತೆಗೆದು, ಆಮೇಲೆ ಅದೊಂದನ್ನೇ ಪಿಸಿಆರ್‌ಗೆ ಹಾಕಿ. ಸಾಲು ಹೊಂದಿದರೆ ಹೆಸರಿಲ್ಲದ ಡಿಎನ್‌ಎಗೆ ಒಂದು ಮುಖ ಸಿಕ್ಕಂತೆ.