ಕನ್ನಡಕ ಇಲ್ಲದ ತ್ರೀಡಿ: ಗೇಮ್ ಯಂತ್ರದ ಗುಟ್ಟನ್ನು ಮನೆಯಲ್ಲೇ ಮಾಡಿ ನೋಡಿ

2011ರ ಶುರುವಿನ ಮಾತು. ಉಡುಪಿಯಲ್ಲಿರುವ ನನ್ನ ಅಕ್ಕನ ಮಗ ಆಗ ಎಂಟನೇ ಕ್ಲಾಸು. ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಫೆಬ್ರವರಿ 26ಕ್ಕೆ ಕೆಂಪು ಪೆನ್ನಿನಿಂದ ಸುತ್ತು ಹಾಕಿದ್ದ. ಅವತ್ತು ಜಪಾನಿನ ಅಂಗಡಿಗಳಿಗೆ ನಿಂಟೆಂಡೊ ಕಂಪನಿಯ 3ಡಿಎಸ್ ಬರುವುದಿತ್ತು. ಕೈಯಲ್ಲಿ ಹಿಡಿದು ಆಡುವ ಯಂತ್ರ, ಮಡಚಿದರೆ ಜೇಬಿಗೆ ಹೋಗುತ್ತದೆ, ಮತ್ತು ಅದರ ಮೇಲಿನ ಪರದೆಯಲ್ಲಿ ಚಿತ್ರ ಆಳವಾಗಿ ಕಾಣುತ್ತದೆ, ಅದೂ ಕನ್ನಡಕ ಇಲ್ಲದೆ. ಹಿಂದಿನ ವರ್ಷದ ಜೂನಿನಲ್ಲಿ, ಅಂದರೆ 2010ರಲ್ಲಿ, ಲಾಸ್ ಏಂಜಲೀಸಿನ ಗೇಮ್ ಮೇಳದಲ್ಲಿ ಅದನ್ನು ತೋರಿಸಿದಾಗಿನಿಂದ ಹುಡುಗನ ಬಾಯಲ್ಲಿ ಅದೇ ಮಾತು.

ಒಂದು ದಿನ ಫೋನ್ ಮಾಡಿ ಕೇಳಿದ. "ಮಾವ, ಕನ್ನಡಕ ಇಲ್ಲದೆ ತ್ರೀಡಿ ಕಾಣ್ತದೆ ಅಂತಾರಲ್ಲ, ಹೇಗೆ? ಟಿವಿಯಲ್ಲಿ ತೋರಿಸುವಾಗ ಮಾಮೂಲಿ ಚಿತ್ರದ ಹಾಗೇ ಉಂಟಲ್ಲ?"

ಅವನು ಹೇಳಿದ್ದು ಸರಿ. ಪೇಪರಿನ ಫೋಟೊದಲ್ಲಿ, ಟಿವಿ ಜಾಹೀರಾತಿನಲ್ಲಿ ಆ ಆಳವನ್ನು ತೋರಿಸಲು ಬರುವುದೇ ಇಲ್ಲ. ಯಂತ್ರ ಕೈಗೆ ಬರಬೇಕು, ಇಲ್ಲವೇ ಅದರ ಗುಟ್ಟನ್ನು ನಾವೇ ಮಾಡಿ ನೋಡಬೇಕು. ಭಾನುವಾರ ಮಂಗಳೂರಿನಿಂದ ಬಸ್ಸು ಹತ್ತಿ ಹೋದೆ. ಮಧ್ಯಾಹ್ನದ ಊಟದ ನಂತರ ಇಬ್ಬರೂ ಕೂತು ಒಂದು ರಟ್ಟಿನ ಪೆಟ್ಟಿಗೆ ಮಾಡಿದೆವು. ನೀವೂ ಮಾಡಬಹುದು. ಸಾವಿರಾರು ರೂಪಾಯಿ ಕೊಡುವ ಮೊದಲು ನಿಮ್ಮ ಕಣ್ಣಿಗೆ ಇದು ಒಗ್ಗುತ್ತದೆಯೇ ಎಂದು ಗೊತ್ತಾಗುವುದು ಒಳ್ಳೆಯದು, ಅಲ್ವಾ?

ಮೊದಲು ಎರಡು ಪೆನ್ನು

ಯಾರಾದರೂ ಒಂದು ಪೆನ್ನನ್ನು ನಿಮ್ಮ ಮುಂದೆ ನೆಟ್ಟಗೆ ಹಿಡಿಯಲಿ. ನೀವು ಒಂದು ಕಣ್ಣು ಮುಚ್ಚಿ. ಇನ್ನೊಂದು ಪೆನ್ನನ್ನು ಬದಿಯಿಂದ ತಂದು ಅದರ ತುದಿಯನ್ನು ಈ ತುದಿಗೆ ಮುಟ್ಟಿಸಿ. ಜಾಸ್ತಿ ಜನರಿಗೆ ತಪ್ಪುತ್ತದೆ, ಪೆನ್ನು ಹಿಂದೆಯೋ ಮುಂದೆಯೋ ಹೋಗುತ್ತದೆ. ಈಗ ಎರಡೂ ಕಣ್ಣು ತೆರೆದು ಮಾಡಿ. ಸಲೀಸು.

ದೊಡ್ಡವರ ಎರಡು ಕಣ್ಣುಗಳ ನಡುವೆ ಸುಮಾರು ಆರೂವರೆ ಸೆಂಟಿಮೀಟರ್ ಅಂತರ ಇದೆ. ಹಾಗಾಗಿ ಎಡಗಣ್ಣು ನೋಡುವ ಚಿತ್ರ ಬೇರೆ, ಬಲಗಣ್ಣಿನದ್ದು ಸ್ವಲ್ಪ ಬೇರೆ. ಈ ಸಣ್ಣ ವ್ಯತ್ಯಾಸದಿಂದಲೇ ಮಿದುಳು ಯಾವುದು ಹತ್ತಿರ, ಯಾವುದು ದೂರ ಎಂದು ಲೆಕ್ಕ ಹಾಕುತ್ತದೆ. 1838ರಲ್ಲೇ ಇಂಗ್ಲೆಂಡಿನ ಚಾರ್ಲ್ಸ್ ವೀಟ್‌ಸ್ಟೋನ್ ಕನ್ನಡಿಗಳನ್ನಿಟ್ಟು ಒಂದೊಂದು ಕಣ್ಣಿಗೆ ಒಂದೊಂದು ಚಿತ್ರ ತೋರಿಸಿ ಇದನ್ನು ವಿವರಿಸಿದ್ದರು. ಅಲ್ಲಿಂದ ಇಲ್ಲಿಯವರೆಗೆ ಎಲ್ಲ ತ್ರೀಡಿಯ ಕೆಲಸವೂ ಒಂದೇ: ಎಡಗಣ್ಣಿನ ಚಿತ್ರ ಎಡಗಣ್ಣಿಗೆ ಮಾತ್ರ, ಬಲಗಣ್ಣಿನದ್ದು ಬಲಕ್ಕೆ ಮಾತ್ರ. ಥಿಯೇಟರಿನಲ್ಲಿ ಆ ವಿಂಗಡಣೆಯನ್ನು ಕನ್ನಡಕ ಮಾಡುತ್ತದೆ.

ಎರಡೂ ಕಣ್ಣು ತೆರೆದರೂ ಪೆನ್ನು ಮುಟ್ಟಿಸಲು ಕಷ್ಟವಾದರೆ ಒಮ್ಮೆ ಕಣ್ಣಿನ ಡಾಕ್ಟರಿಗೆ ತೋರಿಸಿ. ಮೆಳ್ಳೆಗಣ್ಣು ಇರುವವರಿಗೆ, ಒಂದು ಕಣ್ಣು ಮಂದ ಇರುವವರಿಗೆ ಇಂಥ ಆಳ ಕಾಣದೇ ಇರಬಹುದು. ಅದು ತಿಳಿಯದೆ ಯಂತ್ರ ತಂದರೆ ಮಗುವಿಗೆ ಬೇಸರ ಆಗುತ್ತದೆ.

ಆಮೇಲೆ ಚಾವಡಿಯ ದಳಿ

ನಮ್ಮ ಕಡೆಯ ಹಂಚಿನ ಮನೆಗಳ ಚಾವಡಿಯಲ್ಲಿ ಮರದ ದಳಿ, ಅಂದರೆ ಸಾಲಾಗಿ ನಿಂತ ಮರದ ಸರಳುಗಳು, ಇರುತ್ತದೆ. ಇಲ್ಲದಿದ್ದರೆ ಕಿಟಕಿಯ ಸರಳೂ ಆಗುತ್ತದೆ. ಅದರ ಹಿಂದೆ ಒಂದಡಿ ದೂರ ನಿಂತು ಅಂಗಳದ ತೆಂಗಿನ ಮರವನ್ನು ನೋಡಿ. ಎಡಗಣ್ಣಿಗೆ ಮಾತ್ರ ಮರ ಕಾಣುವ ಹಾಗೆ, ಬಲಗಣ್ಣಿಗೆ ಸರಳು ಅಡ್ಡ ಬರುವ ಹಾಗೆ ತಲೆಯನ್ನು ಸ್ವಲ್ಪ ಸರಿಸಿ. ಒಂದೊಂದೇ ಕಣ್ಣು ಮುಚ್ಚಿ ತೆರೆಯಿರಿ. ಒಂದು ಕಣ್ಣಿಗೆ ಮರ ಇದೆ, ಇನ್ನೊಂದಕ್ಕೆ ಇಲ್ಲ.

ಇಷ್ಟೇ ಗುಟ್ಟು. ಕನ್ನಡಕವನ್ನು ಮೂಗಿನ ಮೇಲಿಂದ ತೆಗೆದು, ಅದರ ಬದಲು ಚಿತ್ರದ ಹತ್ತಿರ ದಳಿ ಹಾಕಿದ್ದಾರೆ. ಅಮೆರಿಕಾದ ಫ್ರೆಡೆರಿಕ್ ಐವ್ಸ್ 1903ರಲ್ಲೇ ಇಂಥ ಗೆರೆಗಳ ತಡೆಗೆ ಪೇಟೆಂಟ್ ಪಡೆದಿದ್ದರು. ಅದು ಮಕ್ಕಳ ಜೇಬಿನೊಳಗೆ ಬರಲು ನೂರಕ್ಕೂ ಜಾಸ್ತಿ ವರ್ಷ ಹಿಡಿಯಿತು ಎಂದು ಯೋಚಿಸಿದರೆ ನನಗೆ ರೋಮಾಂಚನ ಆಗುತ್ತದೆ.

ಈಗ ಪೆಟ್ಟಿಗೆ

ಬೇಕಾದ್ದು: ಒಂದು ಚಪ್ಪಲಿ ಪೆಟ್ಟಿಗೆ, ಬಿಳಿ ಹಾಳೆ, ಕೆಂಪು ಮತ್ತು ನೀಲಿ ಸ್ಕೆಚ್ ಪೆನ್, ಕಪ್ಪು ಮಾರ್ಕರ್, ಸ್ಕೇಲು, ಬ್ಲೇಡು, ಗಮ್‌ಟೇಪು. ಜೊತೆಗೆ ದಪ್ಪ ರಟ್ಟು. ಹಳೆಯ ಮದುವೆ ಕಾಗದ ಇದ್ದರೆ ತುಂಬ ಒಳ್ಳೆಯದು, ಅದು ಗಟ್ಟಿಯಾಗಿ ನಿಲ್ಲುತ್ತದೆ.

ಬಿಳಿ ಹಾಳೆಯ ಮೇಲೆ ಒಂದೊಂದು ಸೆಂಟಿಮೀಟರ್ ಅಗಲದ 10 ಉದ್ದ ಪಟ್ಟಿ ಎಳೆಯಿರಿ. ಕೆಂಪು, ನೀಲಿ, ಕೆಂಪು, ನೀಲಿ, ಹೀಗೆ ಬಣ್ಣ ತುಂಬಿ. ನಡುವಿನ ಗೆರೆ, ಅಂದರೆ ಐದನೇ ಮತ್ತು ಆರನೇ ಪಟ್ಟಿ ಸೇರುವ ಜಾಗ, ಅದಕ್ಕೆ ಪೆನ್ಸಿಲಿನಲ್ಲಿ ಗುರುತು ಹಾಕಿಡಿ.

ರಟ್ಟಿನಲ್ಲಿ 5 ಸೀಳು ಕತ್ತರಿಸಬೇಕು. ಪ್ರತಿ ಸೀಳಿನ ಅಗಲ 5 ಮಿಲಿಮೀಟರ್. ಎರಡು ಸೀಳಿನ ನಡುವೆ 12 ಮಿಲಿಮೀಟರ್ ರಟ್ಟು ಉಳಿಯಬೇಕು. ಉದ್ದ ಎಂಟು ಸೆಂಟಿಮೀಟರ್ ಸಾಕು. ಬ್ಲೇಡಿನ ಕೆಲಸ ದೊಡ್ಡವರೇ ಮಾಡಿ. ಕತ್ತರಿಸಿದ ನಂತರ ಕಣ್ಣಿನ ಕಡೆಗೆ ಬರುವ ಮುಖಕ್ಕೆ ಕಪ್ಪು ಬಳಿಯಿರಿ. ಇಲ್ಲಿ ಆತುರ ಮಾಡಬೇಡಿ, ಒಂದು ಸೀಳು ಎರಡು ಮಿಲಿಮೀಟರ್ ಆಚೆ ಹೋದರೂ ಬಣ್ಣ ಕಲಸಿಹೋಗುತ್ತದೆ.

ಚಪ್ಪಲಿ ಪೆಟ್ಟಿಗೆಯ ಗೋಡೆಗಳನ್ನು 8 ಸೆಂಟಿಮೀಟರಿಗೆ ತಗ್ಗಿಸಿ. ಒಳಗೆ ತಳಕ್ಕೆ ಬಣ್ಣದ ಹಾಳೆ ಅಂಟಿಸಿ. ತೆರೆದ ಬಾಯಿಗೆ ಸೀಳಿನ ರಟ್ಟು ಅಂಟಿಸಿ. ಮೂರನೇ ಸೀಳಿನ ನಡುಭಾಗ ನಿಮ್ಮ ಪೆನ್ಸಿಲ್ ಗುರುತಿಗೆ ನೇರ ಎದುರು ಬರಬೇಕು. ಈಗ ಪೆಟ್ಟಿಗೆಯನ್ನು ಮೇಜಿನ ಮೇಲೆ ಎದ್ದು ನಿಲ್ಲಿಸಿ. ಸೀಳುಗಳು ನೆಟ್ಟಗೆ ನಿಂತಿರಬೇಕು, ಮಲಗಿರಬಾರದು. ಮೇಲೆ ಬಂದ ಗೋಡೆಯನ್ನು ಕತ್ತರಿಸಿ ತೆಗೆದರೆ ಒಳಗೆ ಬೆಳಕು ಬರುತ್ತದೆ.

ಕಣ್ಣನ್ನು ಪೆಟ್ಟಿಗೆಯ ಮಟ್ಟಕ್ಕೆ ತಂದು, ರಟ್ಟಿನಿಂದ 52 ಸೆಂಟಿಮೀಟರ್ ದೂರದಲ್ಲಿ ನೇರ ಎದುರು ಕೂರಿ. ಬಲಗಣ್ಣು ಮುಚ್ಚಿ. ಐದೂ ಸೀಳಿನಲ್ಲಿ ಒಂದೇ ಬಣ್ಣ! ಈಗ ಎಡಗಣ್ಣು ಮುಚ್ಚಿ. ಇನ್ನೊಂದೇ ಬಣ್ಣ! ನಡುಗೆರೆಯ ಬಲಕ್ಕೆ ಕೆಂಪು ಇದ್ದರೆ ಎಡಗಣ್ಣಿಗೆ ಕೆಂಪು ಬರುತ್ತದೆ. ಎರಡೂ ಕಣ್ಣು ತೆರೆದರೆ ಕೆಂಪೂ ನೀಲಿಯೂ ಒಂದರ ಮೇಲೊಂದು ಬಂದು ಮಿನುಗಿದ ಹಾಗೆ ಆಗುತ್ತದೆ.

ನಾವು ಮೊದಲ ಸಲ ಪೆಟ್ಟಿಗೆಯನ್ನು ಎರಡೇ ಸೆಂಟಿಮೀಟರ್ ಆಳಕ್ಕೆ ಮಾಡಿದ್ದೆವು. ಎರಡೂ ಕಣ್ಣಿಗೆ ಎರಡೂ ಬಣ್ಣ ಕಂಡಿತು. ಲೆಕ್ಕ ಹೀಗಿದೆ: ರಟ್ಟಿನಿಂದ ಕಣ್ಣಿಗೆ ಇರುವ ದೂರವನ್ನು ಪಟ್ಟಿಯ ಅಗಲದಿಂದ ಗುಣಿಸಿ, ಕಣ್ಣುಗಳ ನಡುವಿನ ಅಂತರದಿಂದ ಭಾಗಿಸಿದರೆ ಪೆಟ್ಟಿಗೆಯ ಆಳ ಸಿಗುತ್ತದೆ. 52ನ್ನು 6.5ರಿಂದ ಭಾಗಿಸಿದರೆ 8. ಸರಿ ಮಾಡಿದ ಮೇಲೆ ನನಗೆ ಚೆನ್ನಾಗಿ ಕಂಡಿತು, ಹುಡುಗನಿಗೆ ಮಾತ್ರ ಅಂಚಿನಲ್ಲಿ ಕಲಸುತ್ತಿತ್ತು. ಸ್ವಲ್ಪ ಹೊತ್ತು ಯೋಚಿಸಿದೆವು. ಅವನ ಕಣ್ಣುಗಳ ನಡುವಿನ ಅಂತರ ನನ್ನದಕ್ಕಿಂತ ಕಡಿಮೆ. ಕುರ್ಚಿಯನ್ನು ಒಂದು ಗೇಣಿಗಿಂತ ಕಡಿಮೆ ಮುಂದೆ ಎಳೆದ, ಆಯ್ತು. "ಸಿಕ್ಕಿತು ಮಾವ!" ಎಂದು ಕೂಗಿದ್ದಕ್ಕೆ ಒಳಗಿನಿಂದ ಅಕ್ಕ ಓಡಿ ಬಂದಳು, ಆಮೇಲೆ ಅವಳೂ ಕೂತು ನೋಡಿದಳು.

ಸರಿಯಾಗಿ ಕಂಡ ಮೇಲೆ ಇನ್ನೂ ಮೂರು ಕೆಲಸ ಮಾಡಿ. ತಲೆಯನ್ನು ಬದಿಗೆ ನಿಧಾನ ಸರಿಸಿ: ಮೊದಲು ಬಣ್ಣ ಕಲಸುತ್ತದೆ, ಆರೂವರೆ ಸೆಂಟಿಮೀಟರ್ ಹೋದಾಗ ಬಣ್ಣಗಳು ಅದಲುಬದಲು ಆಗುತ್ತವೆ. ತುಂಬ ಹತ್ತಿರ ಬನ್ನಿ: ಅಂಚಿನ ಸೀಳುಗಳು ಕೆಡುತ್ತವೆ. ತಲೆಯನ್ನು ಭುಜದ ಕಡೆಗೆ ಪೂರ್ತಿ ವಾಲಿಸಿ: ಎರಡು ಕಣ್ಣಿಗೂ ಒಂದೇ ಥರ ಕಾಣುತ್ತದೆ. ಇದನ್ನು ನೆನಪಿಟ್ಟುಕೊಳ್ಳಿ, ಯಂತ್ರ ಕೈಗೆ ಬಂದ ದಿನ ಇದೇ ಬೇಕಾಗುವುದು.

ಯಂತ್ರದೊಳಗೆ ಇದೇ ಇದೆ

3ಡಿಎಸ್‌ನ ಮೇಲಿನ ಪರದೆ ಮೂರೂವರೆ ಇಂಚು. ಅದರಲ್ಲಿ ಅಡ್ಡಕ್ಕೆ 800 ಚುಕ್ಕಿ. 400 ಎಡಗಣ್ಣಿಗೆ, 400 ಬಲಗಣ್ಣಿಗೆ, ಒಂದು ಬಿಟ್ಟು ಒಂದು. ನಮ್ಮ ಕೆಂಪು ಪಟ್ಟಿ ಒಂದು ಸೆಂಟಿಮೀಟರ್ ಇತ್ತಲ್ಲ, ಅಷ್ಟು ಜಾಗದಲ್ಲಿ ಅಲ್ಲಿ ನೂರು ಪಟ್ಟಿ ಕೂರುತ್ತವೆ. ಕೆಂಪು ನೀಲಿಯ ಬದಲು ಒಂದೇ ಆಟದ ಎರಡು ನೋಟ. ರಟ್ಟಿನ ಬದಲು ಕರೆಂಟಿನಿಂದ ಮೂಡುವ ಸಣ್ಣ ಕಪ್ಪು ಗೆರೆಗಳು. ಬೇಡ ಎಂದಾಗ ಆ ಗೆರೆಗಳು ಮಾಯವಾಗಿ ಮಾಮೂಲಿ ಚಿತ್ರ ಬರುತ್ತದೆ. ಕೆಳಗಿನ ಟಚ್ ಪರದೆಯಲ್ಲಿ ತ್ರೀಡಿ ಇಲ್ಲ.

ಇದೇ ಕಂಪನಿ 1995ರಲ್ಲಿ ವರ್ಚುವಲ್ ಬಾಯ್ ಎಂಬ ಯಂತ್ರ ತಂದಿತ್ತು. ಮೇಜಿನ ಮೇಲಿಟ್ಟು ಮುಖವನ್ನು ಅದಕ್ಕೆ ಒತ್ತಿ ನೋಡಬೇಕಿತ್ತು, ಕೆಂಪು ಮತ್ತು ಕಪ್ಪು ಮಾತ್ರ ಕಾಣುತ್ತಿತ್ತು. ಅದು ಓಡಲಿಲ್ಲ. 3ಡಿಎಸ್ ಬಗ್ಗೆ ಮಾತ್ರ ನನಗೆ ನಂಬಿಕೆ ಇತ್ತು, ಅದಕ್ಕೆ ಕಾರಣ ಪರದೆಯ ಬಲಬದಿಯಲ್ಲಿರುವ ಒಂದು ಸಣ್ಣ ಸ್ಲೈಡರ್. ಅದನ್ನು ಮೇಲೆ ತಳ್ಳಿದರೆ ಆಳ ಜಾಸ್ತಿ, ಕೆಳಗೆ ತಂದರೆ ಕಡಿಮೆ, ಪೂರ್ತಿ ಕೆಳಗೆ ತಂದರೆ ತ್ರೀಡಿ ಬಂದ್. ಪ್ರತಿಯೊಬ್ಬರ ಕಣ್ಣೂ ಬೇರೆ ಎಂದು ಒಪ್ಪಿಕೊಂಡು ಮಾಡಿದ ಯಂತ್ರ ಇದು.

ಯಂತ್ರ ಸಿಕ್ಕಿದ ದಿನ ಸ್ಲೈಡರ್ ಪೂರ್ತಿ ಕೆಳಗಿಟ್ಟು ಶುರು ಮಾಡಿ. ಪರದೆಯನ್ನು ಮೂಗಿನ ನೇರಕ್ಕೆ ಹಿಡಿಯಿರಿ, ಮೊಣಕೈಗಳನ್ನು ಮೈಗೆ ಒತ್ತಿಕೊಳ್ಳಿ. ಯಂತ್ರವನ್ನು ನಿಧಾನ ಹಿಂದೆ ಮುಂದೆ ಮಾಡಿ ನಿಮ್ಮ ದೂರ ಹುಡುಕಿ. ಆಮೇಲೆ ಸ್ಲೈಡರನ್ನು ಕಾಲು ಭಾಗ ಏರಿಸಿ, ಕಣ್ಣು ಹೊಂದಿಕೊಂಡ ಮೇಲೆ ಇನ್ನಷ್ಟು. ಚಿತ್ರ ಎರಡಾಗಿ ಕಂಡರೆ ತಲೆಯೋ ಕೈಯೋ ಸರಿದಿದೆ ಎಂದು ಅರ್ಥ. ಮಂಗಳೂರು ಉಡುಪಿ ಬಸ್ಸಿನಲ್ಲಿ ಆಡುವ ಆಸೆ ಇದ್ದರೆ ತ್ರೀಡಿ ಬಂದ್ ಮಾಡಿಯೇ ಆಡಿ. ಆ ಕುಲುಕಾಟದಲ್ಲಿ ಸರಿಯಾದ ಜಾಗ ಒಂದು ಕ್ಷಣವೂ ನಿಲ್ಲುವುದಿಲ್ಲ, ತಲೆನೋವು ಬರುತ್ತದೆ.

ಆರು ವರ್ಷ ಮತ್ತು ಅದಕ್ಕಿಂತ ಚಿಕ್ಕ ಮಕ್ಕಳಿಗೆ ತ್ರೀಡಿ ತೋರಿಸಬೇಡಿ ಎಂದು ಕಂಪನಿಯೇ ಹೇಳಿದೆ. ಹೆತ್ತವರು ಅದನ್ನು ಲಾಕ್ ಮಾಡಿಡಬಹುದು. ದೊಡ್ಡ ಮಕ್ಕಳಿಗೂ ಅರ್ಧ ಗಂಟೆಗೊಮ್ಮೆ ಎದ್ದು ಹೊರಗೆ ದೂರದ ಮರ ನೋಡಲು ಹೇಳಿ.

ತರಿಸುವುದಾದರೆ

2011ರಲ್ಲಿ ಬಂದಾಗ ಜಪಾನಿನಲ್ಲಿ ಬೆಲೆ 25,000 ಯೆನ್ ಇತ್ತು. ಅದೇ ವರ್ಷ ಮಾರ್ಚ್ 25ಕ್ಕೆ ಯುರೋಪಿನಲ್ಲಿ, 27ಕ್ಕೆ ಅಮೆರಿಕಾದಲ್ಲಿ ಬಂತು, ಅಲ್ಲಿ ಆಗ 249.99 ಡಾಲರ್. ಆಗಿನ ದರದಲ್ಲಿ 11,000 ರೂಪಾಯಿ ದಾಟುತ್ತಿತ್ತು. ನಮ್ಮ ಕಡೆ ಇಂಥದ್ದೆಲ್ಲ ದುಬೈ, ಕುವೈತಿನಲ್ಲಿರುವ ಭಾವನೋ ಚಿಕ್ಕಪ್ಪನೋ ರಜೆಗೆ ಬರುವಾಗ ಬ್ಯಾಗಿನಲ್ಲಿ ಬರುವುದು. ಅವರಿಗೆ ಸುಮ್ನೆ "ಒಂದು ತನ್ನಿ" ಎಂದು ಹೇಳಬೇಡಿ. ಈ ಯಂತ್ರಕ್ಕೆ ಪ್ರದೇಶದ ಬೀಗ ಇದೆ. ಜಪಾನಿನ ಯಂತ್ರದಲ್ಲಿ ಅಮೆರಿಕಾದ 3ಡಿಎಸ್ ಆಟ ನಡೆಯುವುದಿಲ್ಲ. ಹಾಗಾಗಿ ಮೊದಲು ಆಟಗಳನ್ನು ಯಾವ ದೇಶದಿಂದ ತರಿಸುತ್ತೀರಿ ಎಂದು ತೀರ್ಮಾನಿಸಿ, ಯಂತ್ರವನ್ನೂ ಅದೇ ಪ್ರದೇಶದ್ದು ಹೇಳಿ. ಜಪಾನಿನದ್ದು ತಂದರೆ ಆಟದ ಮಾತೆಲ್ಲ ಜಪಾನಿ ಭಾಷೆಯಲ್ಲೇ ಇರುತ್ತದೆ ಎಂಬುದೂ ತಲೆಯಲ್ಲಿರಲಿ.

ಚಾರ್ಜರಿನ ಮೇಲೆ ಬರೆದ ವೋಲ್ಟೇಜನ್ನು ಓದದೆ ಪ್ಲಗ್ಗಿಗೆ ಹಾಕಬೇಡಿ. ನಮ್ಮಲ್ಲಿ 230, ಜಪಾನಿನಲ್ಲಿ 100, ಅಮೆರಿಕಾದಲ್ಲಿ 120. ಬ್ಯಾಟರಿ 3ಡಿಎಸ್ ಆಟಕ್ಕೆ ಮೂರರಿಂದ ಐದು ಗಂಟೆ ಬರುತ್ತದೆ ಎಂದು ಕಂಪನಿ ಹೇಳಿದೆ, ಅಂದರೆ ದಿನಾ ಚಾರ್ಜ್ ಮಾಡಬೇಕಾಗುತ್ತದೆ.

ಹುಡುಗ ಸೋಮವಾರ ಪೆಟ್ಟಿಗೆಯನ್ನು ಶಾಲೆಗೆ ತೆಗೆದುಕೊಂಡು ಹೋದ. ರಾತ್ರಿ ಮತ್ತೆ ಫೋನು. ಅರ್ಧ ಸೆಂಟಿಮೀಟರ್ ಪಟ್ಟಿಯಲ್ಲಿ ಇನ್ನೊಂದು ಮಾಡಬೇಕಂತೆ, ಸೀಳಿನ ಅಳತೆ ಎಷ್ಟಾಗುತ್ತದೆ ಎಂದು ಅವನೇ ಲೆಕ್ಕ ಹಾಕುತ್ತಿದ್ದ.