ಶಾಲೆಯ ಹಳೆಯ ಗ್ರಂಥಾಲಯ ನವೀಕರಣ: ಚಾವಣಿಯಿಂದ ಶುರುಮಾಡಿ, ಕಂಪ್ಯೂಟರ್ ಕೊನೆಗಿರಲಿ

ಶತಮಾನ ಕಂಡ ಶಾಲೆಯ ಗ್ರಂಥಾಲಯಕ್ಕೆ ನವೀಕರಣದ ಹಣ ಮಂಜೂರಾಯಿತು ಅಂದರೆ ಮೊದಲ ಸಭೆ ಹೇಗಿರುತ್ತದೆ ಎಂದು ಊಹಿಸುವುದು ಕಷ್ಟವಲ್ಲ. ಗೋಡೆಗೆ ಯಾವ ಬಣ್ಣ, ಕಂಪ್ಯೂಟರ್ ಎಷ್ಟು, ದೊಡ್ಡ ಪರದೆ ಎಲ್ಲಿ, ಉದ್ಘಾಟನೆ ಯಾವಾಗ. ಚಾವಣಿ ಸೋರುತ್ತದೆಯೇ, ನೆಲ ಎಷ್ಟು ಭಾರ ತಾಳುತ್ತದೆ, ವೈರಿಂಗ್ ಯಾವ ಕಾಲದ್ದು ಎಂಬ ಪ್ರಶ್ನೆಗಳು ಏಳುವುದು ಮುಕ್ಕಾಲು ಪಾಲು ಹಣ ಖರ್ಚಾದ ಮೇಲೆ. ಆಗ ಹೊಸದಾಗಿ ಬಣ್ಣ ಬಳಿದ ಗೋಡೆಯನ್ನೇ ಒಡೆದು ಪೈಪು ತೂರಿಸಬೇಕಾಗುತ್ತದೆ.

ಈ ಕೆಲಸಕ್ಕೊಂದು ಕ್ರಮವಿದೆ. ಮೊದಲು ನೀರು, ಆಮೇಲೆ ಭಾರ, ಆಮೇಲೆ ವಿದ್ಯುತ್ತು, ಕೊನೆಗೆ ಪೀಠೋಪಕರಣ ಮತ್ತು ಯಂತ್ರಗಳು. ಕಣ್ಣಿಗೆ ಕಾಣದ ಕೆಲಸಕ್ಕೆ ಮೊದಲು ಹಣ ತೆಗೆದಿಡಿ. ಉಳಿದದ್ದರಲ್ಲಿ ಕಾಣುವ ಕೆಲಸ.

1. ಮುಟ್ಟುವ ಮೊದಲು ದಾಖಲಿಸಿ

ಸುತ್ತಿಗೆ ಎತ್ತುವ ಮುನ್ನ ಕೊಠಡಿಯ ಪ್ರತಿ ಗೋಡೆ, ಕಿಟಕಿ, ಬಾಗಿಲು, ಕಪಾಟು, ನೆಲದ ಫೋಟೊ ತೆಗೆದಿಡಿ. ಅಳತೆ ಸಹಿತ ನಕ್ಷೆ ಬರೆಸಿ. ಕಟ್ಟಡ ಪಾರಂಪರಿಕ ಪಟ್ಟಿಯಲ್ಲಿದ್ದರೆ ಸಂಬಂಧಪಟ್ಟ ಇಲಾಖೆಯ ಅನುಮತಿ ಬೇಕು. ಅದನ್ನು ಕೊನೆಗೆ ನೋಡಿಕೊಳ್ಳೋಣ ಎಂದು ಬಿಟ್ಟರೆ ಅರ್ಧ ಕೆಲಸದಲ್ಲಿ ನಿಲ್ಲಿಸಬೇಕಾದೀತು.

ಹಳೆಯ ಕಟ್ಟಡಗಳ ಸಂರಕ್ಷಣೆಗೆ 1964ರ ವೆನಿಸ್ ಸನ್ನದು, ಅದರ ನಂತರ 1979ರಲ್ಲಿ ಆಸ್ಟ್ರೇಲಿಯಾದಲ್ಲಿ ರೂಪುಗೊಂಡ ಬುರ್ರಾ ಸನ್ನದು ಆಧಾರವಾಗಿವೆ. ಶಾಲೆಯ ಆಡಳಿತ ಮಂಡಳಿ ಇವನ್ನೆಲ್ಲ ಓದಿ ಪಂಡಿತರಾಗಬೇಕಿಲ್ಲ. ಎರಡು ಸಂಗತಿ ನೆನಪಿದ್ದರೆ ಸಾಕು: ಎಷ್ಟು ಅಗತ್ಯವೋ ಅಷ್ಟನ್ನೇ ಬದಲಾಯಿಸಿ, ಮತ್ತು ಈಗ ಸೇರಿಸಿದ್ದನ್ನು ಮುಂದೆ ಯಾರಾದರೂ ತೆಗೆಯಲು ಹೊರಟರೆ ಮೂಲ ಕಟ್ಟಡಕ್ಕೆ ಗಾಯವಾಗದಂತಿರಲಿ. ಗೋಡೆಗೆ ಮೊಳೆ ಹೊಡೆದು ಕೂರಿಸಿದ ಕಪಾಟಿಗಿಂತ ತನ್ನ ಕಾಲ ಮೇಲೆ ನಿಂತ ಕಪಾಟು ಮೇಲು ಎನ್ನುವುದು ಇದೇ ಕಾರಣಕ್ಕೆ.

ಇದೇ ಹೊತ್ತಿನಲ್ಲಿ ಮಕ್ಕಳು ಈಗ ಎಲ್ಲಿ ಕೂರುತ್ತಾರೆ, ಎಲ್ಲಿ ಕೂರುವುದಿಲ್ಲ ಎಂದೂ ಗಮನಿಸಿ. ಯಾರೂ ಹೋಗದ ಮೂಲೆಯೊಂದು ಇದ್ದೇ ಇರುತ್ತದೆ. ಕತ್ತಲೆಗೋ ವಾಸನೆಗೋ ಸದ್ದಿಗೋ ಅದನ್ನು ಬಿಟ್ಟಿರುತ್ತಾರೆ. ಆ ಕಾರಣ ತಿಳಿದರೆ ವಾಸ್ತುಶಿಲ್ಪಿಗೆ ಅರ್ಧ ಕೆಲಸ ಹಗುರ.

ಎಚ್ಚರಿಕೆಯ ಮಾತೊಂದು. ಹಳೆಯ ಬಣ್ಣದ ಪದರಗಳಲ್ಲಿ ಸೀಸ ಇರಬಹುದು. ಇಪ್ಪತ್ತನೆಯ ಶತಮಾನದ ಚಾವಣಿ ಹಾಳೆ, ನೆಲದ ಟೈಲು, ಪೈಪಿನ ಹೊದಿಕೆಗಳಲ್ಲಿ ಕಲ್ನಾರು (ಆಸ್ಬೆಸ್ಟಾಸ್) ಇರಬಹುದು. ಪರೀಕ್ಷೆ ಮಾಡಿಸದೆ ಕೆರೆಯುವುದು, ಉಜ್ಜುವುದು, ಕೊರೆಯುವುದು ಬೇಡ. ಶಾಲೆ ನಡೆಯುತ್ತಿರುವಾಗಲಂತೂ ಬೇಡವೇ ಬೇಡ.

2. ನೀರಿನ ಜಾಡು ಹಿಡಿಯಿರಿ

ಪುಸ್ತಕಕ್ಕೆ ಬೆಂಕಿಗಿಂತ ಹೆಚ್ಚು ಬಾರಿ ಎದುರಾಗುವ ಶತ್ರು ನೀರು. ಚಾವಣಿ, ಸೂರಿನ ದೋಣಿ, ಇಳಿಪೈಪು, ಗೋಡೆಯ ಬುಡದಲ್ಲಿ ನಿಲ್ಲುವ ನೀರು, ಇಷ್ಟನ್ನು ಮೊದಲು ನೋಡಿ. ಜೋರು ಮಳೆ ಬರುವಾಗಲೇ ಕಟ್ಟಡದ ಸುತ್ತ ಒಂದು ಸುತ್ತು ಹಾಕಿದರೆ, ಬಿಸಿಲಲ್ಲಿ ಎಂಜಿನಿಯರ್ ಹುಡುಕಲಾಗದ್ದು ತಾನಾಗಿ ಕಾಣುತ್ತದೆ.

ಗೋಡೆ ತೇವವಾಗಿದ್ದರೆ ಅದು ಗೋಡೆಯೊಳಗಿನಿಂದ ಬಂದದ್ದೋ, ಕೋಣೆಯ ಗಾಳಿಯಿಂದ ಕೂತದ್ದೋ ತಿಳಿಯಬೇಕು. ಅದಕ್ಕೊಂದು ಸುಲಭ ಉಪಾಯವಿದೆ. ಒಂದಡಿ ಚೌಕದ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ಗೋಡೆಗೆ ಹಿಡಿದು, ನಾಲ್ಕೂ ಅಂಚಿಗೆ ಗಾಳಿಯಾಡದಂತೆ ಟೇಪು ಅಂಟಿಸಿ, ಒಂದೆರಡು ದಿನ ಬಿಡಿ. ಹಾಳೆಯ ಒಳಮೈಯಲ್ಲಿ ಹನಿ ಕಟ್ಟಿದ್ದರೆ ತೇವ ಗೋಡೆಯಲ್ಲೇ ಇದೆ. ಹೊರಮೈ ಒದ್ದೆಯಾಗಿದ್ದರೆ ಕೋಣೆಯ ಗಾಳಿಯಲ್ಲಿದೆ. ಮೊದಲನೆಯದಕ್ಕೆ ಗೋಡೆಯ ಬುಡ, ಪೈಪು, ಚಾವಣಿಯ ರಿಪೇರಿ ಬೇಕು. ಎರಡನೆಯದಕ್ಕೆ ಗಾಳಿಯ ಓಡಾಟ ಬೇಕು. ಇದನ್ನು ತಿಳಿಯದೆ 'ವಾಟರ್‌ಪ್ರೂಫ್' ಬಣ್ಣ ಬಳಿಸಿದರೆ ನೀರು ಒಳಗೇ ಸಿಕ್ಕಿಬಿದ್ದು ಮತ್ತೊಂದು ಕಡೆ ಹೊಮ್ಮುತ್ತದೆ.

ಸುಣ್ಣದ ಗಾರೆಯಲ್ಲಿ ಕಟ್ಟಿದ ಗೋಡೆಗೆ ಸಿಮೆಂಟ್ ಗಿಲಾವು ಮಾಡಿಸುವುದೂ ಇದೇ ಜಾತಿಯ ತಪ್ಪು. ಸುಣ್ಣ ತೇವವನ್ನು ಹೀರಿ, ಹೊರಬಿಡುತ್ತದೆ. ಗೋಡೆ ಕೊಂಚ ಕದಲಿದರೂ ಸಹಿಸಿಕೊಳ್ಳುತ್ತದೆ. ಸಿಮೆಂಟು ಗಡಸು. ಅದರ ಹಿಂದೆ ತೇವ ನಿಂತು, ಉಪ್ಪು ಹರಳುಗಟ್ಟಿ, ಹಳೆಯ ಇಟ್ಟಿಗೆಯ ಮೈಯೇ ಪುಡಿಯಾಗುತ್ತದೆ. ಗೋಡೆ ಯಾವುದರಲ್ಲಿ ಕಟ್ಟಿದೆಯೋ ಅದರಲ್ಲೇ ರಿಪೇರಿಯಾಗಬೇಕು. ಸುಣ್ಣದ ಕೆಲಸ ಬಲ್ಲ ಮೇಸ್ತ್ರಿಯನ್ನು ಹುಡುಕಲು ತಿಂಗಳು ಹಿಡಿದರೂ ಹಿಡಿಯಲಿ. ಗಿಲಾವು ಪೂರ್ತಿ ಒಣಗುವವರೆಗೆ ಪುಸ್ತಕ ಒಳಗೆ ತರಬೇಡಿ.

ಕೋಣೆಯ ಸಾಪೇಕ್ಷ ಆರ್ದ್ರತೆ, ಅಂದರೆ ಗಾಳಿಯಲ್ಲಿನ ತೇವದ ಪ್ರಮಾಣ, ದೀರ್ಘಕಾಲ ಶೇ 65 ದಾಟಿ ನಿಂತರೆ ಬೂಷ್ಟು ಹಿಡಿಯುತ್ತದೆ. ಆರ್ದ್ರತೆ ಅಳೆಯುವ ಸಣ್ಣ ಉಪಕರಣಗಳನ್ನು ಮೂರ್ನಾಲ್ಕು ಕಡೆ, ಅದರಲ್ಲೂ ಹೊರಗೋಡೆಗೆ ಆತುಕೊಂಡ ಕಪಾಟುಗಳ ಹಿಂದೆ ಇಡಿ. ಕಪಾಟು ಮತ್ತು ಹೊರಗೋಡೆಯ ನಡುವೆ ಕೈ ತೂರುವಷ್ಟಾದರೂ ಜಾಗ ಇರಲಿ. ಎಷ್ಟೋ ಕಡೆ ಕಿಟಕಿಗಳ ಕದ, ಚೌಕಟ್ಟಿಗೆ ಬಣ್ಣದ ಪದರ ಮೆತ್ತಿಕೊಂಡು ಹತ್ತಾರು ವರ್ಷಗಳಿಂದ ತೆರೆದೇ ಇರುವುದಿಲ್ಲ. ಅವನ್ನು ಬಿಡಿಸಿ, ಕೀಲು ಚಿಲಕ ಸರಿಪಡಿಸಿದರೆ ಗಾಳಿಯ ಸಮಸ್ಯೆ ಬಹುಪಾಲು ನೀಗುತ್ತದೆ. ಹಳೆಯ ಎತ್ತರದ ಕಿಟಕಿಗಳನ್ನು ಕಿತ್ತು ಅಲ್ಯೂಮಿನಿಯಂ ಹಾಕಿಸುವ ಆಸೆಯನ್ನು ದಯವಿಟ್ಟು ಅಲ್ಲೇ ಅದುಮಿಡಿ.

3. ಭಾರದ ಲೆಕ್ಕ

ಇಲ್ಲಿ ಎಂಜಿನಿಯರ್ ಬೇಕೇ ಬೇಕು. ಸಾಲಾಗಿ ನಿಲ್ಲಿಸಿದ ಒಂದು ಮೀಟರ್ ಪುಸ್ತಕ ಸುಮಾರು 30 ಕೆ.ಜಿ. ತೂಗುತ್ತದೆ. ಓದುವ ಕೋಣೆಯ ನೆಲವನ್ನು ಸಾಮಾನ್ಯವಾಗಿ ಪ್ರತಿ ಚದರ ಮೀಟರಿಗೆ 300 ಕೆ.ಜಿ. ಆಸುಪಾಸಿನ ಭಾರಕ್ಕೆ ವಿನ್ಯಾಸ ಮಾಡಿದರೆ, ಪುಸ್ತಕದ ಕಪಾಟುಗಳು ಒತ್ತಾಗಿ ನಿಲ್ಲುವ ದಾಸ್ತಾನು ಕೋಣೆಗೆ ಅದರ ದುಪ್ಪಟ್ಟು ಇಲ್ಲವೇ ಇನ್ನೂ ಹೆಚ್ಚು, 600ರಿಂದ 700 ಕೆ.ಜಿ. ಬೇಕು. ತರಗತಿಯಾಗಿದ್ದ ಕೋಣೆಯನ್ನು ಗ್ರಂಥಾಲಯ ಮಾಡಿದ್ದರೆ, ಅದೂ ಮಹಡಿಯ ಮೇಲೆ ಮರದ ತೊಲೆಗಳ ನೆಲದಲ್ಲಿದ್ದರೆ, ಲೆಕ್ಕ ಹಾಕಿಸದೆ ಹೊಸ ಕಪಾಟು ತರಬೇಡಿ. ಹಳಿಯ ಮೇಲೆ ಸರಿದು ಒಂದಕ್ಕೊಂದು ಒತ್ತಿ ನಿಲ್ಲುವ ಕಪಾಟುಗಳಂತೂ ಜಾಗ ಉಳಿಸುವ ನೆಪದಲ್ಲಿ ಭಾರವನ್ನೆಲ್ಲ ಒಂದೇ ಕಡೆ ಹೇರುತ್ತವೆ.

ತೊಲೆಯ ತುದಿ ಗೋಡೆಯೊಳಗೆ ಸೇರುವ ಜಾಗವನ್ನು ವಿಶೇಷವಾಗಿ ಪರೀಕ್ಷಿಸಿ. ಲಡ್ಡಾಗುವುದು, ಗೆದ್ದಲು ಹಿಡಿಯುವುದು ಬಹುತೇಕ ಅಲ್ಲಿಂದಲೇ.

4. ಪುಸ್ತಕಗಳನ್ನು ಹೊರಗೆ ತೆಗೆಯುವಾಗ

ನವೀಕರಣದ ನಿಜವಾದ ಬೌದ್ಧಿಕ ಕೆಲಸ ಇದು. ಇದನ್ನು ಅಟೆಂಡರ್ ಮತ್ತು ಗೋಣಿಚೀಲಕ್ಕೆ ಒಪ್ಪಿಸಿದರೆ ಕೆಟ್ಟಿತು.

ಪುಸ್ತಕಗಳನ್ನು ಮೂರು ಗುಂಪು ಮಾಡಿ. ಮಕ್ಕಳು ಇಂದೂ ಓದುವಂಥವು, ಶಾಲೆಯ ಚರಿತ್ರೆಗೆ ಸೇರಿದವು ಅಥವಾ ಅಪರೂಪದವು, ತೆಗೆದುಹಾಕಬೇಕಾದವು. ಮೂರನೆಯ ಗುಂಪಿನ ಬಗ್ಗೆ ಸಂಕೋಚ ಬೇಡ. ಪ್ಲುಟೊವನ್ನು 2006ರಲ್ಲಿ ಗ್ರಹಗಳ ಸಾಲಿನಿಂದ ಕೈಬಿಟ್ಟ ಮೇಲೂ ಒಂಬತ್ತು ಗ್ರಹಗಳ ಪುಸ್ತಕ ವಿಜ್ಞಾನದ ಕಪಾಟಿನಲ್ಲಿ ಏಕಿರಬೇಕು? ಸೋವಿಯತ್ ಒಕ್ಕೂಟವನ್ನು ತೋರಿಸುವ ಭೂಪಟದ ಪುಸ್ತಕ ಭೂಗೋಳದ ಪಾಠಕ್ಕೆ ಬಾರದು, ಚರಿತ್ರೆಯ ಪಾಠಕ್ಕೆ ಬಂದೀತು. ಹೀಗಾಗಿ ಇಡಬೇಕೋ ಬೇಡವೋ ಎಂಬುದರ ಜೊತೆಗೆ ಎಲ್ಲಿ ಇಡಬೇಕು ಎಂಬುದನ್ನೂ ಕೇಳಿಕೊಳ್ಳಿ. ವಿಷಯ ಬಲ್ಲ ಅಧ್ಯಾಪಕರು ಗ್ರಂಥಪಾಲಕರ ಪಕ್ಕದಲ್ಲಿ ಕೂತು ಮಾಡಬೇಕಾದ ಆಯ್ಕೆ ಇದು.

ಹಳೆಯ ಅಕ್ಸೆಷನ್ ರಿಜಿಸ್ಟರ್‌ಗಳನ್ನು ಮಾತ್ರ ಯಾವ ಕಾರಣಕ್ಕೂ ರದ್ದಿಗೆ ಹಾಕಬೇಡಿ. ಯಾವ ವರ್ಷ ಯಾವ ಪುಸ್ತಕ ಬಂತು, ಯಾರು ದಾನ ಕೊಟ್ಟರು, ಯಾವ ವರ್ಷ ಒಂದೂ ಪುಸ್ತಕ ಕೊಳ್ಳಲಾಗಲಿಲ್ಲ ಎಂಬುದೆಲ್ಲ ಅವುಗಳಲ್ಲೇ ಇರುತ್ತದೆ. ಶಾಲೆಯ ನೂರು ವರ್ಷದ ಕಥೆ ಬರೆಯಲು ಹೊರಟವರಿಗೆ ಸ್ಮರಣ ಸಂಚಿಕೆಗಳಿಗಿಂತ ನಂಬಲರ್ಹ ಆಕರ ಅದು.

ಹಳೆಯ ಪುಸ್ತಕ ಹಿಡಿಯುವವರಿಗೆ ಕೆಲವು ಸೂಚನೆ. ಹರಿದ ಹಾಳೆಗೆ ಸೆಲ್ಲೋಟೇಪ್ ಬೇಡ, ಅದರ ಅಂಟು ಹಳದಿಗಟ್ಟಿ ಕಾಗದವನ್ನೇ ತಿನ್ನುತ್ತದೆ. ಚರ್ಮದ ರಟ್ಟಿಗೆ ಎಣ್ಣೆ ಹಚ್ಚಬೇಡಿ. ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಯುರೋಪು, ಅಮೆರಿಕಗಳಲ್ಲಿ ಬಟ್ಟೆಯ ರಟ್ಟಿಗೆ ಬಳಸಿದ ಕಣ್ಣುಕುಕ್ಕುವ ಹಸಿರು ಬಣ್ಣಗಳಲ್ಲಿ ಆರ್ಸೆನಿಕ್ ಇದ್ದದ್ದುಂಟು. ಅಂಥ ಪುಸ್ತಕ ಸಿಕ್ಕರೆ ಕೈಗವಸು ಹಾಕಿ, ಚೀಲದಲ್ಲಿಟ್ಟು, ಮಕ್ಕಳ ಕೈಗೆ ಎಟುಕದಂತೆ ಇರಿಸಿ. ಅದೇ ಶತಮಾನದ ಉತ್ತರಾರ್ಧದಿಂದ ಮರದ ತಿರುಳಿನ ಕಾಗದ ವ್ಯಾಪಕವಾಗಿ ಬಳಕೆಗೆ ಬಂತು. ಅದರಲ್ಲಿ ಉಳಿದ ಆಮ್ಲದಿಂದ ಹಾಳೆಗಳು ಕಂದುಗಟ್ಟಿ ಮುಟ್ಟಿದರೆ ಮುರಿಯುತ್ತವೆ. ಇಂಥವನ್ನು ಆಮ್ಲರಹಿತ ಪೆಟ್ಟಿಗೆಯಲ್ಲಿಟ್ಟು, ಹಕ್ಕುಸ್ವಾಮ್ಯದ ತೊಡಕಿಲ್ಲದಿದ್ದರೆ ಸ್ಕ್ಯಾನ್ ಮಾಡಿಸಿ, ಓದಲು ಪ್ರತಿ ಕೊಡುವುದು ಜಾಣತನ.

ಹುಳ ಹಿಡಿದ ಪುಸ್ತಕಗಳಿಗೆ ವಿಷ ಸಿಂಪಡಿಸುವ ಬದಲು ಶೈತ್ಯದ ದಾರಿಯಿದೆ. ಪುಸ್ತಕವನ್ನು ಪಾಲಿಥಿನ್ ಚೀಲದಲ್ಲಿಟ್ಟು, ಗಾಳಿ ಹಿಂಡಿ, ಬಿಗಿಯಾಗಿ ಮುಚ್ಚಿ, ಮೈನಸ್ 20 ಡಿಗ್ರಿ ಸೆಲ್ಸಿಯಸ್‌ನ ಫ್ರೀಜರಿನಲ್ಲಿ ಒಂದು ವಾರ ಇಡಬೇಕು. ಹುಳವೂ ಮೊಟ್ಟೆಯೂ ಸಾಯುತ್ತವೆ. ಹೊರತೆಗೆದ ಕೂಡಲೇ ಚೀಲ ಬಿಚ್ಚಬಾರದು. ಕೋಣೆಯ ಉಷ್ಣತೆಗೆ ಬರಲು ಒಂದಿಡೀ ದಿನ ಬಿಡಿ. ಅವಸರ ಮಾಡಿದರೆ ತಣ್ಣನೆಯ ಹಾಳೆಯ ಮೇಲೆ ಗಾಳಿಯ ತೇವ ಇಬ್ಬನಿಯಂತೆ ಕೂತು ಪುಸ್ತಕ ಒದ್ದೆಯಾಗುತ್ತದೆ.

ಪೆಟ್ಟಿಗೆಗೆ ತುಂಬುವಾಗ ಪ್ರತಿಯೊಂದರ ಮೇಲೂ ಕಪಾಟಿನ ಸಂಖ್ಯೆ ಬರೆಯಿರಿ. ಸಣ್ಣ ಪೆಟ್ಟಿಗೆಗಳೇ ಆಗಲಿ, ದೊಡ್ಡವನ್ನು ಎತ್ತುವವರ ಬೆನ್ನು ಮುರಿಯುತ್ತದೆ. ಈ ಬಿಡುವಿನಲ್ಲೇ ಪುಸ್ತಕಪಟ್ಟಿಯನ್ನು ಗಣಕೀಕರಿಸಿ. ನ್ಯೂಜಿಲೆಂಡಿನ ಗ್ರಂಥಾಲಯವೊಂದಕ್ಕಾಗಿ 1999ರಲ್ಲಿ ಶುರುವಾದ 'ಕೊಹಾ' ಉಚಿತವಾಗಿ ಸಿಗುವ ಮುಕ್ತ ತಂತ್ರಾಂಶ. ಬಾರ್‌ಕೋಡ್ ಚೀಟಿಯನ್ನು ಸಾಮಾನ್ಯ ಪುಸ್ತಕಕ್ಕೆ ಅಂಟಿಸಿ. ಅಪರೂಪದ್ದಕ್ಕೆ ಮಾತ್ರ ಆಮ್ಲರಹಿತ ಕಾಗದದ ಪಟ್ಟಿಯೊಂದರ ಮೇಲೆ ಅಂಟಿಸಿ, ಪಟ್ಟಿಯನ್ನು ಪುಸ್ತಕದೊಳಗೆ ಇಡಿ.

5. ವೈರಿಂಗ್ ಮತ್ತು ಇಂಟರ್ನೆಟ್

ರಬ್ಬರು, ಬಟ್ಟೆ ಸುತ್ತಿದ ಹಳೆಯ ವೈರುಗಳಿದ್ದರೆ ಪೂರ್ತಿ ಬದಲಾಯಿಸಿ, ಚೌಕಾಸಿ ಬೇಡ. ಹೊಸ ವೈರುಗಳಿಗಾಗಿ ಗೋಡೆ ಕೊರೆಯುವ ಬದಲು ಕಪಾಟಿನ ಹಿಂಬದಿ, ನೆಲದಂಚಿನ ಪಟ್ಟಿ, ಬಳಸದೆ ಬಿಟ್ಟ ಹೊಗೆಗೂಡುಗಳಂಥ ಜಾಗ ಹುಡುಕಿ. ಮೇಲ್ಮೈಯಲ್ಲೇ ಅಂದವಾಗಿ ಓಡಿಸಿದ ಲೋಹದ ಕೊಳವೆಯೂ ನಾಚಿಕೆಪಡುವಂಥದ್ದೇನಲ್ಲ. ಹೊಸದು ಹೊಸದಾಗಿಯೇ ಕಾಣಲಿ.

ದಪ್ಪ ಕಲ್ಲಿನ ಗೋಡೆ ವೈಫೈ ನುಂಗುತ್ತದೆ. 5 ಗಿಗಾಹರ್ಟ್ಜ್ ಸಂಕೇತ 2.4ಕ್ಕಿಂತ ವೇಗದ್ದಾದರೂ ಗೋಡೆ ದಾಟುವುದರಲ್ಲಿ ಸೋಲುತ್ತದೆ. ಆದ್ದರಿಂದ ಕೋಣೆಗೊಂದು ಆಕ್ಸೆಸ್ ಪಾಯಿಂಟ್ (ವೈಫೈ ಹರಡುವ ಉಪಕರಣ) ಇರಲಿ, ಅದಕ್ಕೆ ಕೇಬಲ್ ಮೂಲಕವೇ ಸಂಪರ್ಕ ಕೊಡಿ. ಚಾರ್ಜಿಂಗ್ ಸಾಕೆಟ್ಟುಗಳು ಮೇಜಿನಲ್ಲೇ ಇದ್ದರೆ ನೆಲದ ಮೇಲೆ ವೈರು ಎಡವುವ ಗೋಳಿಲ್ಲ.

6. ಬೆಳಕು, ಸದ್ದು

ಓದುವ ಮೇಜಿನ ಮೇಲೆ 300ರಿಂದ 500 ಲಕ್ಸ್ (ಬೆಳಕಿನ ಅಳತೆ) ಬೆಳಕು ಬೇಕು. ಪ್ರದರ್ಶನಕ್ಕಿಟ್ಟ ಹಳೆಯ ಕಾಗದಕ್ಕೆ 50 ಲಕ್ಸ್ ಸಾಕು. ಎರಡೂ ಒಂದೇ ಕೋಣೆಯಲ್ಲಿದ್ದರೆ ಒಂದೇ ಸ್ವಿಚ್ಚಿನಲ್ಲಿ ಆಗುವ ಕೆಲಸವಲ್ಲ. ಎಲ್ಇಡಿ ದೀಪಗಳಿಂದ ನೇರಳಾತೀತ ಕಿರಣದ ಕಾಟ ಕಡಿಮೆ. ಕಿಟಕಿಯ ಗಾಜಿಗೆ ಆ ಕಿರಣ ತಡೆಯುವ ಫಿಲ್ಮ್ ಅಂಟಿಸಬಹುದು. ಕಂಪ್ಯೂಟರ್ ಪರದೆಗಳು ಕಿಟಕಿಗೆ ಎದುರಾಗಿಯೂ ಬೇಡ, ಬೆನ್ನಾಗಿಯೂ ಬೇಡ. ಪಕ್ಕದಿಂದ ಬೆಳಕು ಬೀಳುವಂತೆ ಮೇಜು ಇಡಿ.

ಸದ್ದು ಇದಕ್ಕಿಂತ ಕಷ್ಟದ್ದು. ಎತ್ತರದ ಚಾವಣಿ, ಕಲ್ಲಿನ ನೆಲ, ಬರಿಗೋಡೆ ಸೇರಿದರೆ ಒಂದು ಕುರ್ಚಿ ಎಳೆದರೂ ಕೋಣೆಯೆಲ್ಲ ಗುಂಯ್‌ಗುಡುತ್ತದೆ. ಸಾಧಾರಣ ಗಾತ್ರದ ತರಗತಿಯಲ್ಲಿ ಪ್ರತಿಧ್ವನಿ 0.6 ಸೆಕೆಂಡಿನೊಳಗೆ ಅಡಗಬೇಕು ಎನ್ನುತ್ತದೆ ಅಮೆರಿಕದ ಮಾನದಂಡ. ಈಗಿನ ಕಲಿಕೆಯಲ್ಲಿ ಗುಂಪು ಚರ್ಚೆಯೂ ಇರುವುದರಿಂದ ಇದನ್ನು ಕಡೆಗಣಿಸಿದರೆ ಗ್ರಂಥಪಾಲಕರು ದಿನವಿಡೀ 'ಶ್' ಎನ್ನುತ್ತಲೇ ಇರಬೇಕಾಗುತ್ತದೆ. ಕಾರ್ಪೆಟ್ ಟೈಲು, ಚಾವಣಿಯಿಂದ ಇಳಿಬಿಟ್ಟ ಫೆಲ್ಟ್ ಹಲಗೆ, ಕುರ್ಚಿಯ ಕಾಲಿಗೆ ರಬ್ಬರು ಸಹಾಯಕ್ಕೆ ಬರುತ್ತವೆ. ಎಲ್ಲವನ್ನೂ ಮುಂದೆ ತೆಗೆಯಬಹುದು.

7. ಕೋಣೆಯ ಹಂಚಿಕೆ

ಬಾಗಿಲ ಬಳಿ ಗದ್ದಲ, ಒಳಕ್ಕೆ ಹೋದಷ್ಟೂ ಮೌನ. ಪುಸ್ತಕ ಕೊಡುವ ಮೇಜು, ಗುಂಪು ಕೆಲಸದ ಜಾಗ, ಕಂಪ್ಯೂಟರು ಮುಂದಿರಲಿ. ಒಂಟಿಯಾಗಿ ಓದುವವರಿಗೆ ಹಿಂದಿನ ಕಿಟಕಿಗಳು. ನಡುವೆ ಎದೆಮಟ್ಟದ ಕಪಾಟುಗಳಿದ್ದರೆ ಗೋಡೆ ಕಟ್ಟದೆಯೇ ವಿಭಾಗವಾಗುತ್ತದೆ, ಗ್ರಂಥಪಾಲಕರ ಕಣ್ಣಿಗೂ ಎಲ್ಲವೂ ಬೀಳುತ್ತದೆ. ಚಕ್ರವಿರುವ ಮೇಜುಗಳಿದ್ದರೆ ಮಧ್ಯಾಹ್ನದ ಚರ್ಚೆಗೆ ಒಟ್ಟುಗೂಡಿಸಿ ಸಂಜೆ ಬಿಡಿಸಿಡಬಹುದು. ಹಳೆಯ ಉದ್ದನೆಯ ಓದುವ ಮೇಜುಗಳನ್ನು ಪಾಲಿಶ್ ಮಾಡಿಸಿ ಉಳಿಸಿಕೊಳ್ಳಿ. ಅಷ್ಟು ಗಟ್ಟಿಯಾದದ್ದು ಈಗ ಸಿಗುವುದು ಕಷ್ಟ.

ಗಾಲಿಕುರ್ಚಿಯ ವಿದ್ಯಾರ್ಥಿಗೆ ಕಪಾಟುಗಳ ನಡುವೆ ಕನಿಷ್ಠ 90 ಸೆಂ.ಮೀ. ದಾರಿ ಬೇಕು, ತಿರುಗಲು ಸುಮಾರು ಒಂದೂವರೆ ಮೀಟರ್ ವ್ಯಾಸದ ಜಾಗ ಬೇಕು. ಮೆಟ್ಟಿಲ ಪಕ್ಕದ ಇಳಿಜಾರು 1:12ಕ್ಕಿಂತ ಕಡಿದಾಗಬಾರದು. ಅಂದರೆ 60 ಸೆಂ.ಮೀ. ಎತ್ತರ ಹತ್ತಲು 7.2 ಮೀಟರ್ ಉದ್ದ. ಹಿಂಬಾಗಿಲಿಗೆ ಇಳಿಜಾರು ಮಾಡಿ 'ಆಯ್ತಲ್ಲ' ಎನ್ನುವವರಿದ್ದಾರೆ. ಉಳಿದ ಮಕ್ಕಳು ಬರುವ ಬಾಗಿಲಲ್ಲೇ ಆ ಮಗುವೂ ಬರುವಂತಾಗಬೇಕು. ತುರ್ತು ನಿರ್ಗಮನದ ಬಾಗಿಲಿಗೆ ಅಡ್ಡವಾಗಿ ಕಪಾಟು ಇಡಬೇಡಿ.

8. ತೆರೆದ ಮೇಲೆ

ಪೀಠೋಪಕರಣದ ಹಣದಲ್ಲಿ ಐದನೇ ಒಂದು ಪಾಲನ್ನಾದರೂ ಖರ್ಚು ಮಾಡದೆ ಉಳಿಸಿಕೊಳ್ಳಿ. ಗ್ರಂಥಾಲಯ ತೆರೆದು ಒಂದು ಶೈಕ್ಷಣಿಕ ಅವಧಿ ಕಳೆಯಲಿ. ಮಕ್ಕಳು ಕುರ್ಚಿಗಳನ್ನು ಎಲ್ಲಿಗೆ ಎಳೆದೊಯ್ಯುತ್ತಾರೆ, ಯಾವ ಸಾಕೆಟ್ಟಿಗೆ ಜಗಳವಾಡುತ್ತಾರೆ, ಯಾವ ಮೇಜು ಖಾಲಿಯೇ ಉಳಿಯುತ್ತದೆ ಎಂದು ಗ್ರಂಥಪಾಲಕರು ಗುರುತು ಹಾಕಿಕೊಂಡು, ಆಮೇಲೆ ಉಳಿದದ್ದನ್ನು ಕೊಳ್ಳಿ. ಆರ್ದ್ರತೆಯ ಅಂಕಿಗಳನ್ನು ವಾರಕ್ಕೊಮ್ಮೆ ಬರೆದಿಡಿ. ಮೊದಲ ವರ್ಷ ಪ್ರತಿ ದೊಡ್ಡ ಮಳೆಯ ಮಾರನೆಯ ದಿನ ಯಾರಾದರೊಬ್ಬರು ಟಾರ್ಚ್ ಹಿಡಿದು ಕಪಾಟುಗಳ ಹಿಂದೆ ಇಣುಕಿ ನೋಡಲಿ. ಪುಸ್ತಕ ಒದ್ದೆಯಾಗಿದ್ದರೆ 48 ಗಂಟೆಯೊಳಗೆ ಒಣಗಿಸಿ, ಆಗದಿದ್ದರೆ ಫ್ರೀಜರಿಗೆ ಹಾಕಿ. ಅದಕ್ಕಿಂತ ತಡವಾದರೆ ಬೂಷ್ಟು ಶುರುವಾಗಿರುತ್ತದೆ.