ವಾರಾಟಾ ನೆಡುವ ಮುನ್ನ ಮಣ್ಣಿನ ದಿಬ್ಬ ಕಟ್ಟಿ

ಸೆಪ್ಟೆಂಬರ್ ಬಂತೆಂದರೆ ಸಿಡ್ನಿಯ ನರ್ಸರಿಗಳಲ್ಲಿ ಅಂಗೈ ಅಗಲದ ಕೆಂಪು ಹೂ ಹೊತ್ತ ವಾರಾಟಾ ಗಿಡಗಳು ಸಾಲಾಗಿ ನಿಂತಿರುತ್ತವೆ. 1962ರಿಂದ ಇದು ನ್ಯೂ ಸೌತ್ ವೇಲ್ಸ್‌ ರಾಜ್ಯದ ಹೂವು. ಜನ ಆಸೆಪಟ್ಟು ತರುತ್ತಾರೆ, ಬೇಸಿಗೆ ಮುಗಿಯುವಷ್ಟರಲ್ಲಿ ಗಿಡ ಸತ್ತಿರುತ್ತದೆ. ಇಲ್ಲಿರುವ ನಮ್ಮ ಕನ್ನಡದವರ ಹಿತ್ತಲಲ್ಲೇ ಇದನ್ನು ಎಷ್ಟೋ ಸಲ ನೋಡಿ ಹೊಟ್ಟೆ ಉರಿದಿದೆ.

ನೆಡಲು ಇಲ್ಲಿನ ಶರತ್ಕಾಲ, ಅಂದರೆ ಏಪ್ರಿಲ್-ಮೇ, ಒಳ್ಳೆಯ ಕಾಲ. ಬೆಳಗಿನ ಬಿಸಿಲು ಬೀಳುವ ಜಾಗ ನೋಡಿಕೊಳ್ಳಿ. ಮೊದಲ ಸಲ ಬೆಳೆಸುವವರು 'ಶ್ಯಾಡಿ ಲೇಡಿ' ಎಂಬ ಮಿಶ್ರತಳಿಯನ್ನೇ ತನ್ನಿ, ಅದು ಸ್ವಲ್ಪ ಗಟ್ಟಿ ಜೀವ.

ಎಲ್ಲರೂ ಎಡವುವುದು ಮಣ್ಣಿನಲ್ಲಿ. ವಾರಾಟಾ ಬ್ಲೂ ಮೌಂಟನ್ಸ್ ಮತ್ತು ಸಿಡ್ನಿ ಸುತ್ತಲಿನ ಮರಳುಗಲ್ಲಿನ ಗುಡ್ಡಗಳ ಗಿಡ. ಅಲ್ಲಿ ಮಳೆ ನೀರು ಬಿದ್ದ ಹಾಗೇ ಇಳಿದುಹೋಗುತ್ತದೆ. ಆದರೆ ಸಿಡ್ನಿಯ ಪಶ್ಚಿಮದಲ್ಲಿ, ಬ್ಲ್ಯಾಕ್‌ಟೌನ್, ಪ್ಯಾರಮಟ್ಟ ಕಡೆ ಜೇಡಿಮಣ್ಣೇ ಜಾಸ್ತಿ. ಒಂದು ಅಡಿ ಗುಂಡಿ ತೋಡಿ ನೀರು ತುಂಬಿಸಿ, ಅದು ಇಂಗಿದ ಮೇಲೆ ಇನ್ನೊಮ್ಮೆ ತುಂಬಿಸಿ. ಎರಡನೇ ಸಲದ ನೀರು ಗಂಟೆಗಟ್ಟಲೆ ಹಾಗೇ ನಿಂತರೆ ಅಲ್ಲಿ ನೆಡಬೇಡಿ. ಗುಂಡಿಗೆ ಮರಳು ಸುರಿದರೆ ಸರಿಹೋಗುತ್ತದೆ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಸುತ್ತ ಜೇಡಿ ಇದ್ದಾಗ ಆ ಮರಳು ಗುಂಡಿ ಬಕೆಟ್‌ನಂತೆ ನೀರು ಹಿಡಿದುಕೊಳ್ಳುತ್ತದೆ, ಬೇರು ಅದರೊಳಗೇ ಕೊಳೆಯುತ್ತದೆ. ಜೇಡಿ ಸಡಿಲಿಸಲೆಂದು ಜಿಪ್ಸಮ್ ಪುಡಿ ಎರಚಿ ಮರುವಾರವೇ ನೆಡುವ ಅಡ್ಡದಾರಿಯೂ ಬೇಡ, ಎಲ್ಲ ಜೇಡಿಗೂ ಅದು ಕೆಲಸ ಮಾಡುವುದಿಲ್ಲ, ಮಾಡಿದರೂ ನಿಧಾನ. ಅದರ ಬದಲು ನೆಲದ ಮೇಲೆಯೇ ದಿಬ್ಬ ಕಟ್ಟಿ: ಒಂದೂವರೆ ಅಡಿ ಎತ್ತರ, ಮೀಟರಿಗಿಂತ ಜಾಸ್ತಿ ಅಗಲ, ಮರಳು ಬೆರೆತ ಸಡಿಲ ಮಣ್ಣು. ಗಿಡವನ್ನು ಕುಂಡದಿಂದ ಬೇರು ಕೆದಕದೆ ತೆಗೆದು, ಕುಂಡದಲ್ಲಿದ್ದ ಮಟ್ಟಕ್ಕೇ ನೆಡಿ.

ಇನ್ನು ಗೊಬ್ಬರ. ಗುಲಾಬಿಗೆ ಹಾಕುವ ಕೈ ಇದಕ್ಕೂ ಕೋಳಿಗೊಬ್ಬರ, ಮೂಳೆ ಹಿಟ್ಟು ಹಾಕಿಬಿಡುತ್ತದೆ, ಅಲ್ವಾ? ದಯವಿಟ್ಟು ಬೇಡ. ರಂಜಕ ಕಡಿಮೆ ಇರುವ ಮಣ್ಣಿನಿಂದ ಅದನ್ನು ಹೀರಿಕೊಳ್ಳಲೆಂದೇ ಇದರ ಬೇರುಗಳು ಗೊಂಚಲು ಗೊಂಚಲಾಗಿ ಬೆಳೆದಿರುತ್ತವೆ. ಜಾಸ್ತಿ ಸಿಕ್ಕರೆ ಅದೇ ವಿಷ: ಎಲೆ ಹಳದಿಯಾಗುತ್ತದೆ, ಅಂಚು ಸುಡುತ್ತದೆ. ಚೀಲದ ಮೇಲೆ ಎನ್‌-ಪಿ-ಕೆ ಅಂಕಿ ಓದಿ. ನಡುವಿನದು ರಂಜಕದ್ದು, ಅದು 2 ದಾಟಿದ್ದರೆ ನಾನಂತೂ ಕೊಳ್ಳುವುದಿಲ್ಲ. ಅಗ್ಗದ ಪಾಟಿಂಗ್ ಮಿಕ್ಸ್‌ನಲ್ಲೂ ಗೊಬ್ಬರ ಬೆರೆಸಿರುತ್ತಾರೆ, 'ಆಸ್ಟ್ರೇಲಿಯಾದ ಗಿಡಗಳಿಗೆ' ಎಂದು ಬರೆದಿದ್ದರೆ ಮಾತ್ರ ತನ್ನಿ.

ಮರದ ಚಕ್ಕೆಯ ಹೊದಿಕೆ ಹಾಕಿ, ಕಾಂಡಕ್ಕೆ ತಾಗಿಸಬೇಡಿ. ಮೊದಲ ಎರಡು ಬೇಸಿಗೆ ನೀರು ತಪ್ಪಿಸಬೇಡಿ.

ಹೂ ಬಾಡಿದ ಕೂಡಲೇ ಹೂಬಿಟ್ಟ ಕೊಂಬೆಗಳನ್ನು ಅರ್ಧಕ್ಕೆ ಕತ್ತರಿಸಿ. ಕೈ ನಡುಗುವುದು ಬೇಡ, ಕಾಳ್ಗಿಚ್ಚಿನಲ್ಲಿ ಸುಟ್ಟರೂ ಬುಡದ ಗಡ್ಡೆಯಿಂದ ಮತ್ತೆ ಏಳುವ ಗಿಡ ಇದು. ಕತ್ತರಿಸಿದಲ್ಲಿ ಬರುವ ಹೊಸ ಚಿಗುರಿನ ತುದಿಯಲ್ಲೇ ಮುಂದಿನ ವರ್ಷದ ಮೊಗ್ಗು ಕೂರುತ್ತದೆ.